ಮಳೆಗಾಲ ದಾಟಿತು, ಆಚಾರ್ರೇ

ಮೇ ತಿಂಗಳ ಕೊನೆಗೆ ಪ್ರೊಜೆಕ್ಟರ್ ಕಪಾಟು ತಂದು ಕೂರಿಸಿದ ದಿನವೇ ಥ್ಯಾಂಕ್ಸ್ ಹೇಳಲು ಹೋಗಿದ್ದೆ. ಅದನ್ನು ಮಾಡಿಕೊಟ್ಟ ಮರಗೆಲಸದ ಆಚಾರ್ರು ಕೈ ಅಡ್ಡ ಹಿಡಿದರು. "ಈಗಲೇ ಬೇಡ ತಂಗಿ. ಒಂದು ಮಳೆಗಾಲ ದಾಟಲಿ, ಆಮೇಲೆ ಹೇಳು" ಅಂದರು. ಶಿರಸಿಯ ಮಳೆ ಬಂತು, ಸುರಿಯಿತು, ಹೋಯಿತು. ಬಾಗಿಲು ಬಿಗಿಯಾಗಿಲ್ಲ. ಹಲಗೆ ಬಿರಿದಿಲ್ಲ. ಒಳಗೆ ಬೂಸ್ಟು ಹಿಡಿದಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಮೊದಲಿನಿಂದ ಹೇಳುತ್ತೇನೆ. ನನ್ನ ಆಯಿಗೆ 74 ವರ್ಷ. ಮೂರು ವರ್ಷದ ಹಿಂದೆ ಅವಳ ನೋಟದ ನಡುಭಾಗ ಮಸುಕಾಗತೊಡಗಿತು. ಮ್ಯಾಕ್ಯುಲರ್ ಡಿಜೆನರೇಶನ್ ಎಂದರು ಡಾಕ್ಟರು. ಇದರಲ್ಲಿ ಪೂರ್ತಿ ಕತ್ತಲಾಗುವುದಿಲ್ಲ. ಅಕ್ಕಪಕ್ಕದ್ದು ಕಾಣುತ್ತದೆ, ನೇರ ಎದುರಿಗೆ ಇರುವುದೇ ಕಾಣುವುದಿಲ್ಲ. ಮನುಷ್ಯ ಬಂದದ್ದು ಗೊತ್ತಾಗುತ್ತದೆ, ಮುಖ ಸಿಗುವುದಿಲ್ಲ. ಬೆಳಗಿನವರೆಗೆ ಕೂತು ಯಕ್ಷಗಾನದ ಆಟ ನೋಡುತ್ತಿದ್ದವಳು ಆಯಿ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಭಸ್ಮಾಸುರನನ್ನು ಎಷ್ಟು ಸಲ ನೋಡಿದ್ದಾಳೋ ಅವಳಿಗೇ ಲೆಕ್ಕವಿಲ್ಲ. ಅಂಥವಳು ಟಿವಿ ಮುಂದೆ ಕೂತು ಬರೀ ಭಾಗವತರ ಪದ ಕೇಳುತ್ತಿದ್ದಳು. ಚಿತ್ರ ದೊಡ್ಡದಾಗಿದ್ದು ಹತ್ತಿರ ಕೂತರೆ ಸ್ವಲ್ಪ ಕಾಣಬಹುದು ಎಂದು ಡಾಕ್ಟರೇ ಹೇಳಿದರು. ಹಾಗೆ ಮನೆಗೆ ಪ್ರೊಜೆಕ್ಟರ್ ಬಂತು.

ದೂರದಿಂದ ಬೆಳಕು ಬಿಡುವಂಥದ್ದಾದರೆ ಹತ್ತಿರ ಕೂತ ಆಯಿಯ ನೆರಳೇ ಗೋಡೆ ಮೇಲೆ ಬೀಳುತ್ತದೆ. ಅದಕ್ಕೆ ಗೋಡೆಯ ಬುಡದಲ್ಲೇ ಇಡುವ ಅಲ್ಟ್ರಾ ಶಾರ್ಟ್ ಥ್ರೋ ತಗೊಂಡೆವು. ಮೂಲೆಯಿಂದ ಮೂಲೆಗೆ 100 ಇಂಚಿನ ಚಿತ್ರ ಅಂದರೆ ಸುಮಾರು 221 ಸೆಂಟಿಮೀಟರ್ ಅಗಲ, 124 ಸೆಂಟಿಮೀಟರ್ ಎತ್ತರ. ನಮ್ಮದು ಹಳೆ ಮನೆ, ಮುಚ್ಚಿಗೆ ತಗ್ಗು. ಕಪಾಟು ಸ್ವಲ್ಪ ಎತ್ತರವಾದರೂ ಚಿತ್ರ ತೊಲೆಯ ಮೇಲೆ ಹತ್ತುತ್ತದೆ.

ಮೊದಲು ಒಂದು ಕಡೆ ಮಾಡಿಸಿದ ಕಪಾಟು ಮರದ ಪುಡಿ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡಿನದು. ಆಷಾಢದ ಥಂಡಿಗೆ ಅದರ ಬುಡ ನೆನೆದ ಅವಲಕ್ಕಿಯ ಹಾಗೆ ಉಬ್ಬಿತು. ಸುತ್ತಲೂ ಮುಚ್ಚಿದ್ದರಿಂದ ಬಿಸಿಗಾಳಿ ಹೊರಗೆ ಹೋಗದೆ ಪ್ರೊಜೆಕ್ಟರ್ ಮುಕ್ಕಾಲು ಗಂಟೆಗೆ ತಾನೇ ಬಂದ್ ಆಗುತ್ತಿತ್ತು. ಒಂದು ಮೂಲೆ ಕುಸಿದ ಮೇಲೆ ಚಿತ್ರವೂ ಓರೆಯಾಯಿತು. ಗೋಡೆಗೆ ಅಷ್ಟು ಹತ್ತಿರ ಇದ್ದಾಗ ಕೆಳಗೆ ಕೂದಲೆಳೆಯಷ್ಟು ಅಲುಗಿದರೂ ಮೇಲೆ ಎದ್ದು ಕಾಣುತ್ತದೆ. ಆಯಿ, "ಹೋಗ್ಲಿ ಬಿಡು, ನಂಗೆ ಕೇಳಿರೆ ಸಾಕು" ಅಂದಳು. ದುಡ್ಡು ಹೋದದ್ದಕ್ಕಿಂತ ಆ ಮಾತಿಗೆ ಜಾಸ್ತಿ ಸಂಕಟವಾಯಿತು.

ಆಗ ಬಂದವರು ಆಚಾರ್ರು. ಬಂದವರು ಟೇಪು ತೆಗೆಯಲಿಲ್ಲ. ಆಯಿಯ ಕುರ್ಚಿಯಲ್ಲಿ ಕೂತು ಗೋಡೆ ನೋಡಿದರು. ಆಮೇಲೆ ಆಯಿ ಒಳಗಿನಿಂದ ಹೇಗೆ ಸವರಿಕೊಂಡು ಬರುತ್ತಾಳೆ, ಕೈ ಎಲ್ಲಿ ಊರುತ್ತಾಳೆ ಎಂದು ಸುಮ್ನೆ ನೋಡುತ್ತ ನಿಂತರು. ಇಡೀ ಕಪಾಟು ಹುಟ್ಟಿದ್ದು ಆ ಹತ್ತು ನಿಮಿಷದಲ್ಲಿ ಎಂದೇ ನನಗೆ ಅನ್ನಿಸುತ್ತದೆ.

ಗಾಳಿಗೆ ಬಿದ್ದ ಹಿತ್ತಲಿನ ಹಲಸಿನ ಮರವನ್ನು ಸಾಮಿಲ್ಲಿನಲ್ಲಿ ಕೊಯ್ಸಿ ಅಟ್ಟದ ಮೇಲೆ ಇಟ್ಟಿದ್ದೆವು. ಹಲಗೆ ಹಲಗೆಯ ನಡುವೆ ಪಟ್ಟಿ ಕೊಟ್ಟು ಎರಡು ವರ್ಷ ಒಣಗಿಸಿದ್ದು. ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಎನ್ನುವುದು ಆಚಾರ್ರ ಲೆಕ್ಕ. ಆದರೂ ಶಿವರಾತ್ರಿ ಕಳೆಯುವವರೆಗೆ ಅವರು ಉಳಿ ಮುಟ್ಟಲಿಲ್ಲ. ನಾನು ಗಡಿಬಿಡಿ ಮಾಡಿದಾಗಲೆಲ್ಲ ಒಂದೇ ಮಾತು: "ಮಳೆಗೆ ಹಲಗೆ ಅಗಲಕ್ಕೆ ಹಿಗ್ಗುತ್ತದೆ, ಬೇಸಗೆಗೆ ಕುಗ್ಗುತ್ತದೆ. ಅದಕ್ಕೆ ಜಾಗ ಬಿಟ್ಟೇ ಕೂಡಿಸಬೇಕು." ಮೇಲಿನ ಹಲಗೆಯನ್ನು ಅವರು ಚೌಕಟ್ಟಿಗೆ ಅಂಟಿಸಲಿಲ್ಲ. ಕೆಳಗಿನಿಂದ ಸ್ಕ್ರೂ ಕೊಟ್ಟರು, ಅದಕ್ಕೂ ಉದ್ದುದ್ದ ತೂತು. ಹಲಗೆ ಆಚೀಚೆ ಸರಿದರೂ ಚೌಕಟ್ಟಿಗೆ ಗೊತ್ತಾಗುವುದಿಲ್ಲ.

ಪ್ರೊಜೆಕ್ಟರನ್ನು ಮೇಲೆ ಇಡದೆ ನಡುವೆ ಒಂದು ತಗ್ಗು ಮಾಡಿ ಅದರೊಳಗೆ ಇಳಿಸಿದರು. ಚಿತ್ರ ತೊಲೆಯಿಂದ ಕೆಳಗೆ ಬಂತು. ಬೆಳಕಿಗೆ ಅಡ್ಡ ಬಾರದ ಹಾಗೆ ಹಿಂದಿನ ಅಂಚನ್ನು ಓರೆಯಾಗಿ ಕೀಸಿದರು. ಹಿಂಬದಿಗೆ ಹಲಗೆಯೇ ಇಲ್ಲ, ಎರಡೂ ಪಕ್ಕ ಗಾಳಿಗೆ ಸಂದು. ಮುಂದೆ ನಾಲ್ಕು ಇಂಚಿನ ಕಟ್ಟೆ, ಆಯಿಯ ಕೈ ಲೆನ್ಸಿನವರೆಗೆ ಹೋಗದೆ ಅಲ್ಲೇ ನಿಲ್ಲಲಿ ಎಂದು. ಮೂಲೆಗಳೆಲ್ಲ ಗುಂಡಗೆ. ಬೆಳಕು ತಿರುಗಿ ಹೊಡೆಯದಿರಲಿ ಎಂದು ಮೇಲೆ ಹೊಳಪಿನ ಪಾಲಿಶ್ ಹಾಕಲಿಲ್ಲ. ಇದ್ಯಾವುದನ್ನೂ ನಾನು ಹೇಳಿ ಮಾಡಿಸಿದ್ದಲ್ಲ.

ಬಾಗಿಲಿಗೆ ಬೆತ್ತ ಹೆಣೆದುಕೊಟ್ಟ ಅಕ್ಕನಿಗೆ ಋಣಿ. ಗಾಳಿಯೂ ಆಡುತ್ತದೆ, ಬಾಗಿಲು ಮುಚ್ಚಿದ್ದಾಗಲೂ ಒಳಗಿನ ಸೆಟ್ ಟಾಪ್ ಬಾಕ್ಸಿಗೆ ರಿಮೋಟ್ ತಾಗುತ್ತದೆ. ಬಾಳೆಮೊಗ್ಗಿನ ಆಕಾರದ ಹಿಡಿ ಕೆತ್ತಿಕೊಟ್ಟ ಗುಡಿಗಾರ ಕುಟುಂಬದ ಹಿರಿಯರಿಗೂ ನಮಸ್ಕಾರ. ಯಾವ ಬಾಗಿಲು ಎಂದು ಆಯಿ ಬೆರಳಲ್ಲೇ ಗುರುತು ಹಿಡಿಯುತ್ತಾಳೆ. ಸಿಡಿಲಿನ ಹೊತ್ತಿಗೆ ತಟ್ಟನೆ ಕೀಳಲು ಆಗುವ ಹಾಗೆ ಪ್ಲಗ್ಗನ್ನು ಕೈಯೆತ್ತರಕ್ಕೆ ತಂದ ವೈರಿಂಗ್ ತಮ್ಮ, ಮೂರು ತಿಂಗಳು ಕೊಟ್ಟಿಗೆಯ ಅರ್ಧ ಜಾಗ ಬಿಟ್ಟುಕೊಟ್ಟ ಪಕ್ಕದ ಮನೆ ಭಾವ, ನಿಮ್ಮನ್ನೂ ಮರೆಯುವುದಿಲ್ಲ.

ಮೊದಲ ದಿನ ಹಾಕಿದ್ದು ಆಟವೇ. ಆಯಿ ಕುರ್ಚಿಯನ್ನು ಇನ್ನೂ ಮುಂದೆ ಎಳೆಸಿಕೊಂಡಳು. ನೇರ ನೋಡಿದರೆ ಅವಳಿಗೆ ಸಿಗುವುದಿಲ್ಲ. ಕತ್ತು ಸ್ವಲ್ಪ ಓರೆ ಮಾಡಿದಳು. ವೇಷ ಕಣ್ಣರಳಿಸಿ ತಿರುಗಿತು. "ಮುಖ ಕಾಣ್ತು" ಅಂದಳು. ಮತ್ತೆ ಸ್ವಲ್ಪ ಹೊತ್ತಿಗೆ, ತನಗೇ ಹೇಳಿಕೊಂಡ ಹಾಗೆ, "ಕಣ್ಣು ತಿರುಗ್ಸಿದ್ದೂ ಕಾಣ್ತು." ನಾನು ಅಡುಗೆಮನೆಗೆ ಹೋಗಿ ನಿಂತೆ.

ಈ ಮಳೆಗಾಲದಲ್ಲಿ ಒಂದು ದಿನವೂ ಪ್ರೊಜೆಕ್ಟರ್ ನಡುವೆ ಆರಲಿಲ್ಲ, ಕರೆಂಟು ಹೋದದ್ದು ಬಿಟ್ಟರೆ. ಅರಿಶಿನದ ಹಾಗಿದ್ದ ಹಲಸು ಈಗ ಜೇನಿನ ಬಣ್ಣಕ್ಕೆ ತಿರುಗಿದೆ. ಆಚಾರ್ರೇ, ಮಳೆ ನಿಂತ ಮೇಲೆ ಒಮ್ಮೆ ಬಂದು ಬಾಗಿಲು ನೋಡಿ ಹೋಗುತ್ತೇನೆ ಅಂದಿದ್ದಿರಿ. ಬನ್ನಿ. ಆಯಿ ನಿಮಗೆಂದೇ ತೊಡದೇವು ತೆಗೆದಿಟ್ಟಿದ್ದಾಳೆ.