ಮೈಕ್ ಸರಿಮಾಡಿಕೊಟ್ಟ ನಿಮಗೆ ಧನ್ಯವಾದ

ವಿಶ್ವಶಾಂತಿಯ ಬಗ್ಗೆ ಹಿರಿಯರೊಬ್ಬರು ಮಾತಾಡಲು ಎದ್ದು ನಿಂತದ್ದೇ ತಡ, ಮೈಕ್ ಕಿರುಚತೊಡಗಿತು. ಅವರ ದನಿ ಮೊದಲೇ ಕ್ಷೀಣ. ಮೈಕ್ ಇಲ್ಲದೆ ಎರಡನೇ ಸಾಲಿಗೂ ಕೇಳುವಂತಿರಲಿಲ್ಲ. ನಾವು ಕಂಗಾಲಾಗಿದ್ದೆವು.

ಸಭಿಕರ ನಡುವಿನಿಂದ ಎದ್ದು ಬಂದ ನೀವು ಯಾರನ್ನೂ ಗದರಲಿಲ್ಲ. ಸ್ಪೀಕರ್‌ಗಳು ಮೈಕಿನ ಹಿಂದೆ, ಅದರತ್ತಲೇ ಮುಖ ಮಾಡಿದ್ದವು; ಹೊರಟ ಸದ್ದೇ ಮತ್ತೆ ಮೈಕಿಗೆ ನುಗ್ಗಿ ಸುತ್ತು ಹೊಡೆಯುತ್ತಿತ್ತು. ಅವನ್ನು ವೇದಿಕೆಯ ಮುಂದಕ್ಕೆ ತಂದು ಸಭಿಕರತ್ತ ತಿರುಗಿಸಿದಿರಿ. ಸೌಂಡ್ ಪೂರ್ತಿ ಇಳಿಸಿ, ತುಸು ತುಸುವೇ ಏರಿಸಿ, ಕಿರುಚಾಟ ಶುರುವಾಗುವ ಹಂತಕ್ಕಿಂತ ಸ್ವಲ್ಪ ಕೆಳಗೆ ನಿಲ್ಲಿಸಿದಿರಿ. ಹಿರಿಯರ ಕೈ ನಡುಗುವುದನ್ನು ಕಂಡು ಮೈಕನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಬಾಯಿಂದ ನಾಲ್ಕು ಬೆರಳು ದೂರಕ್ಕೆ, ಕೊಂಚ ಓರೆಯಾಗಿ ಇಟ್ಟಿರಿ. ‘ಕೂತೇ ಮಾತಾಡಿ ಅಜ್ಜಾ’ ಎಂದು ಕುರ್ಚಿಯನ್ನೂ ಎಳೆದುಕೊಟ್ಟಿರಿ.

ಆಮೇಲೆ ಒಂದೊಂದು ಮಾತೂ ಕೊನೆಯ ಸಾಲಿಗೆ ಮುಟ್ಟಿತು. ಸುಳ್ಳು ಸುದ್ದಿ ಹಬ್ಬಿಸುವ ದ್ವೇಷ, ಮಾತು ಬಿಟ್ಟ ನೆರೆಹೊರೆ ಇವನ್ನು ಹೇಳುವಾಗ ಅವರ ಗಂಟಲು ಕಟ್ಟಿತು, ಅದೂ ಕೇಳಿಸಿತು. ಆದರೂ ಆಸೆಗೆ ಆಧಾರ ಕೊಟ್ಟರು. 1945ರಲ್ಲಿ 51 ದೇಶಗಳಿಂದ ಶುರುವಾದ ವಿಶ್ವಸಂಸ್ಥೆಯಲ್ಲಿ ಈಗ 193 ಸದಸ್ಯ ರಾಷ್ಟ್ರಗಳಿವೆ. ಶೀತಲ ಸಮರದ ನಡುವೆಯೂ ಅಮೆರಿಕ, ಸೋವಿಯತ್ ಒಕ್ಕೂಟ ಎರಡೂ ಸಿಡುಬಿನ ವಿರುದ್ಧ ಕೈಜೋಡಿಸಿದವು; 1980ರಲ್ಲಿ ಅದರ ನಿರ್ಮೂಲನೆ ಘೋಷಣೆಯಾಯಿತು. ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ 5 ಕಾಯಂ ಸದಸ್ಯರಲ್ಲಿ ಒಬ್ಬರು ವಿಟೋ (ತಡೆಯುವ ಅಧಿಕಾರ) ಚಲಾಯಿಸಿದರೂ ಮಹತ್ವದ ನಿರ್ಣಯ ಬಿದ್ದುಹೋಗುತ್ತದೆ ಎಂಬ ಕಹಿಯನ್ನೂ ಮುಚ್ಚಿಡಲಿಲ್ಲ. ಇದನ್ನೆಲ್ಲ ಅವರ ಬಾಯಿಂದಲೇ ಕೇಳಬೇಕಿತ್ತು.

ಚಪ್ಪಾಳೆ ಮುಗಿಯುವಷ್ಟರಲ್ಲಿ ನೀವು ಹೊರಟುಬಿಟ್ಟಿದ್ದಿರಿ, ಹೆಸರು ಕೇಳಲಾಗಲಿಲ್ಲ. ಹಿರಿಯರ ಪರವಾಗಿಯೂ ನಮ್ಮೆಲ್ಲರ ಪರವಾಗಿಯೂ ನಿಮಗೆ ಮನಸಾರೆ ಧನ್ಯವಾದ.