ಥಾರ್ಪ್ ಒಬ್ಬನೇ ಆಡ್ಲಿಲ್ಲ ತಮ್ಮಾ

ಪ್ರೀತಿಯ ತಮ್ಮಾ,

ನೀನು ಕಳಿಸಿದ ಲೇಖನ ಓದ್ದೆ. ಅಮೆರಿಕದ ಮೂಲನಿವಾಸಿ ಬುಡಕಟ್ಟಿನ ಮಕ್ಕಳಿಗೆ ಅಂತ ಇದ್ದ ಕಾರ್ಲೈಲ್ ಇಂಡಿಯನ್ ಸ್ಕೂಲಿನ 1912ರ ಫುಟ್‌ಬಾಲ್ ಸೀಸನ್ ಬಗ್ಗೆ ಕನ್ನಡದಲ್ಲಿ ಒಬ್ಬ ಹುಡುಗ ಕೂತು ಬರೀತಾನೆ ಅನ್ನೋದೇ ನಂಗೆ ಬಹಳ ಖುಷಿ. ಭಾಷೆ ಚೆನ್ನಾಗಿದೆ, ಸರಾಗವಾಗಿ ಓದಿಸ್ಕೊಂಡು ಹೋಗುತ್ತೆ. ಆದ್ರೆ ಶುರುವಿಂದ ಕೊನೆತನಕ ಇರೋನು ಜಿಮ್ ಥಾರ್ಪ್ ಒಬ್ಬನೇ. ಉಳಿದ ಹತ್ತು ಜನ ಎಲ್ಲೋದ್ರು?

ಥಾರ್ಪ್ ದೊಡ್ಡ ಆಟಗಾರ, ಅದ್ರಲ್ಲಿ ಎರಡು ಮಾತಿಲ್ಲ. ಆ ವರ್ಷ ಬೇಸಿಗೇಲಿ ಸ್ಟಾಕ್‌ಹೋಮ್ ಒಲಿಂಪಿಕ್ಸಲ್ಲಿ ಪೆಂಟಾಥ್ಲಾನ್, ಡೆಕಾಥ್ಲಾನ್ ಎರಡ್ರಲ್ಲೂ ಚಿನ್ನ ಗೆದ್ದು ವಾಪಸ್ ಬಂದು ಸ್ಕೂಲ್ ಟೀಮಿಗೆ ಆಡೋಕೆ ಇಳಿದೋನು, ಅಂಥೋನು ಎದುರಿಗಿದ್ರೆ ಬರಿಯೋರ ಕಣ್ಣು ಬೇರೆ ಕಡೆ ಹೋಗೋದು ಕಷ್ಟ, ನಂಗೂ ಅರ್ಥ ಆಗುತ್ತೆ. ಆದ್ರೂ ನವೆಂಬರ್ 9ರ ವೆಸ್ಟ್ ಪಾಯಿಂಟ್ ಮ್ಯಾಚ್ ತಗೋ, ಅಲ್ಲಿನ ಸೈನ್ಯದ ಅಕಾಡೆಮಿ ಟೀಮು ಆರ್ಮಿ ವಿರುದ್ಧ 27-6, ನೀನು ಎರಡು ಪುಟ ಬರ್ದಿದ್ದೀಯಲ್ಲ ಅದೇ. ಅವತ್ತು ಕಾರ್ಲೈಲ್ ಹೊಡೆದ ನಾಲ್ಕು ಟಚ್‌ಡೌನಲ್ಲಿ (ಚೆಂಡನ್ನ ಎದುರಾಳಿಯ ಕೊನೇ ಗೆರೆ ದಾಟಿಸೋದು) ಮೂರು ಅಲೆಕ್ಸ್ ಅರ್ಕಾಸಾದು! ನಿನ್ನ ಲೇಖನದಲ್ಲಿ ಅವನ ಹೆಸರೇ ಇಲ್ಲ. ಥಾರ್ಪ್ ಉದ್ದಕ್ಕೂ ಓಡಿ ಹೊಡೆದ ಒಂದು ಟಚ್‌ಡೌನ್ ಟೀಮಿನವನೇ ಮಾಡಿದ ಫೌಲಿಂದ ಕ್ಯಾನ್ಸಲ್ ಆಯ್ತು. ಅವನ ಹಿಂದೆ ಆರ್ಮಿಯವ್ರು ಬಿದ್ದಾಗ ಸಿಕ್ಕ ಜಾಗದಲ್ಲಿ ಉಳಿದೋರು ನುಗ್ಗಿದ್ರು, ಅವ್ರಿಗೆ ಜನ ಅಡ್ಡ ಬಂದಾಗ ಥಾರ್ಪ್ ನುಗ್ಗಿದ. ಹೀಗೆ ಬರೆದ್ರೆ ಥಾರ್ಪ್ ಸಣ್ಣವನಾಗಲ್ಲ, ಇನ್ನೂ ಚೆನ್ನಾಗಿ ಕಾಣ್ತಾನೆ.

ಇನ್ನೊಂದು, ಆಟ ಹೇಗೆ ನಡೀತಿತ್ತು ಅಂತ ಹೇಳು. ನಮ್ಮೋರಿಗೆ ಫುಟ್‌ಬಾಲ್ ಅಂದ್ರೆ ಕಾಲಲ್ಲಿ ಒದೆಯೋ ಆಟ, ಇದು ಚೆಂಡು ಕೈಯಲ್ಲಿ ಹಿಡ್ಕೊಂಡು ನುಗ್ಗೋ ಅಮೆರಿಕದ ಆಟ, ಅಷ್ಟಾದ್ರೂ ಗೊತ್ತಾಗ್ಬೇಕಲ್ವಾ. ಆ ವರ್ಷವೇ ರೂಲ್ಸ್ ಬದಲಾಗಿತ್ತು: ಟಚ್‌ಡೌನಿಗೆ 5 ಬದ್ಲು 6 ಪಾಯಿಂಟ್, 10 ಗಜ ಮುಂದೆ ಹೋಗೋಕೆ 3ರ ಬದ್ಲು 4 ಚಾನ್ಸ್, ಮೈದಾನ 110 ಗಜದಿಂದ 100ಕ್ಕೆ ಇಳೀತು. ಕೋಚ್ ಪಾಪ್ ವಾರ್ನರ್ ಕೈಲಿದ್ದಿದ್ದು ಮೈಕಟ್ಟಲ್ಲಿ ಎದುರಾಳಿಗಿಂತ ಹಗುರ, ಕಾಲಲ್ಲಿ ಚುರುಕು ಇರೋ ಹುಡುಗ್ರು. ಚೆಂಡು ಹಿಡ್ಕೊಂಡು ಓಡೋ ಹಾಫ್‌ಬ್ಯಾಕ್‌ಗಳನ್ನ ಹಿಂದಿಂದ ಎತ್ತಿ, ಮುಂದೆ ಸಾಲಾಗಿ ನಿಲ್ಲೋರ ಲೈನಿನ ಎರಡೂ ತುದಿಗೆ ತಂದು ನಿಲ್ಲಿಸಿದ, ಡಬಲ್ ವಿಂಗ್ ಅಂತಾರೆ ಅದನ್ನ, ಚೆಂಡು ಯಾರ ಕೈಲಿದೆ ಯಾವ ಕಡೆ ಹೋಗುತ್ತೆ ಅಂತ ಎದುರಿನೋರಿಗೆ ಗೊತ್ತಾಗೋ ಅಷ್ಟರಲ್ಲಿ ಆಟ ಅವ್ರನ್ನ ದಾಟಿ ಹೋಗಿರೋದು. ಸೀಸನ್ ಪೂರ್ತಿ 14 ಮ್ಯಾಚಲ್ಲಿ 504 ಪಾಯಿಂಟ್ ಬಂದಿದ್ದು ಹೀಗೆ. ಬರೀ 504 ಅಂತ ಬರೆದು ಅದ್ಭುತ ಅಂದ್ರೆ ಓದೋನಿಗೆ ಏನೂ ಕಾಣಲ್ಲ.

ಸ್ಕೂಲಿನ ಬಗ್ಗೆ ನೀನು ಒಂದೇ ಸಾಲಲ್ಲಿ ಮುಗಿಸಿದ್ದೀಯ, ಅದು ನಂಗೆ ನಿಜಕ್ಕೂ ನೋವಾಯ್ತು. 1879ರಲ್ಲಿ ರಿಚರ್ಡ್ ಹೆನ್ರಿ ಪ್ರ್ಯಾಟ್ ಅನ್ನೋ ಆರ್ಮಿ ಆಫೀಸರ್ ಪೆನ್ಸಿಲ್ವೇನಿಯಾದ ಹಳೇ ಸೈನ್ಯದ ಬ್ಯಾರಕ್ಸಲ್ಲಿ ಶುರು ಮಾಡಿದ ಬೋರ್ಡಿಂಗ್ ಸ್ಕೂಲ್ ಅದು. ಬುಡಕಟ್ಟಿನ ಮಕ್ಕಳನ್ನ ಸಾವಿರಾರು ಮೈಲಿ ದೂರದಿಂದ ತಂದು, ಕೂದ್ಲು ಕತ್ತರಿಸಿ, ಯೂನಿಫಾರ್ಮ್ ಹಾಕಿಸಿ, ಮನೆಭಾಷೆ ಆಡಬಾರ್ದು ಅಂತ ಕಟ್ಟುಮಾಡಿದ ಜಾಗ. ಅಲ್ಲೇ ತೀರ್ಕೊಂಡ ಎಷ್ಟೋ ಮಕ್ಕಳ ಸಮಾಧಿ ಇನ್ನೂ ಇದೆ, 2017ರಿಂದ ಈಚೆಗೆ ಒಂದೊಂದೇ ಕುಟುಂಬದೋರು ತಮ್ಮ ಮಕ್ಕಳ ಅಸ್ಥಿ ಊರಿಗೆ ತಗೊಂಡು ಹೋಗ್ತಿದ್ದಾರೆ. ವೂಂಡೆಡ್ ನೀ ಅನ್ನೋ ಜಾಗದಲ್ಲಿ ಅಮೆರಿಕದ ಸೈನ್ಯ ಲಕೋಟಾ ಬುಡಕಟ್ಟಿನ ಜನರನ್ನ ಕೊಂದಿದ್ದು 1890ರಲ್ಲಿ, ಅಂದ್ರೆ ವೆಸ್ಟ್ ಪಾಯಿಂಟ್ ಮ್ಯಾಚಿಗೆ ಇನ್ನೂ 22 ವರ್ಷ ಆಗಿತ್ತು ಅಷ್ಟೇ, ಮ್ಯಾಚಲ್ಲಿ ಕಾರ್ಲೈಲ್ ಎದುರು ನಿಂತೋರು ಮುಂದೆ ಅದೇ ಸೈನ್ಯದ ಆಫೀಸರ್ ಆಗೋ ಹುಡುಗ್ರು. ಇಷ್ಟು ಹೇಳಿ ಸುಮ್ನಾಗು. ಸೇಡು, ಇತಿಹಾಸದ ತೀರ್ಪು ಅಂತೆಲ್ಲ ನೀನು ಸೇರಿಸೋದು ಬೇಡ, ಓದೋನು ಅಲ್ಲಿಗೆ ತಾನೇ ಬರ್ತಾನೆ.

ವಾರ್ನರ್ ಅವತ್ತು ಲಾಕರ್ ರೂಮಲ್ಲಿ ಮಾಡಿದ ಅನ್ನೋ ಭಾಷಣ ಕೋಟ್ ಹಾಕಿ ಬರ್ದಿದ್ದೀಯಲ್ಲ, ತೆಗೆದುಬಿಡು. ಎಷ್ಟೋ ವರ್ಷ ಆದ್ಮೇಲೆ ಬಾಯಿಂದ ಬಾಯಿಗೆ ಬೆಳೆದ ಮಾತನ್ನ ಕೋಟ್ ಒಳಗೆ ಹಾಕಿದ್ರೆ ಓದೋನು ಪೂರಾ ನಂಬ್ತಾನೆ. ಐಸೆನ್‌ಹೋವರ್ ವಿಷ್ಯನೂ ಹಂಗೇ. ಮುಂದೆ ಪ್ರೆಸಿಡೆಂಟ್ ಆದೋನು ಅವತ್ತು ಆರ್ಮಿ ಪರವಾಗಿ ಆಡಿದ್ದ ನಿಜ, ಥಾರ್ಪ್ ಅವನ ಫುಟ್‌ಬಾಲ್ ಮುಗಿಸಿಬಿಟ್ಟ ಅಂತ ನೀನು ಬರ್ದಿದ್ದು ಸರಿಯಿಲ್ಲ, ಮಂಡಿಗೆ ಪೆಟ್ಟು ಬಿದ್ದಿದ್ದು ಮುಂದಿನ ವಾರ ಟಫ್ಟ್ಸ್ ಕಾಲೇಜ್ ವಿರುದ್ಧ.

ಅದೇ ಮುಂದಿನ ವಾರ ಕಾರ್ಲೈಲ್ ಪೆನ್ಸಿಲ್ವೇನಿಯಾ ಯೂನಿವರ್ಸಿಟಿ ಕೈಲಿ 34-26ರಲ್ಲಿ ಸೋಲ್ತು! ನೀನು ಅದನ್ನ ಬಿಟ್ಟೇಬಿಟ್ಟಿದ್ದೀಯ, ವಾಷಿಂಗ್ಟನ್ ಅಂಡ್ ಜೆಫರ್ಸನ್ ಕಾಲೇಜ್ ಜೊತೆ ಆದ 0-0 ಡ್ರಾನೂ ಇಲ್ಲ. 12 ಗೆಲುವು, 1 ಸೋಲು, 1 ಡ್ರಾ. ಆರ್ಮಿನ ಮಲಗಿಸಿ ಬಂದ ಹುಡುಗ್ರು ಏಳೇ ದಿನಕ್ಕೆ ಸೋತು, ಆಮೇಲೆ ಮತ್ತೆ ಸುಧಾರಿಸ್ಕೊಂಡು ಕೊನೇ ಮ್ಯಾಚಲ್ಲಿ ಬ್ರೌನ್ ಯೂನಿವರ್ಸಿಟಿನ 32-0ಕ್ಕೆ ಸೋಲಿಸ್ತಾರೆ, ಇದಕ್ಕಿಂತ ಒಳ್ಳೆ ಕಥೆ ಬೇಕಾ ನಿಂಗೆ?

ಇನ್ನು ಗಸ್ ವೆಲ್ಚ್. ಕ್ವಾರ್ಟರ್‌ಬ್ಯಾಕ್, ಮೈದಾನದಲ್ಲಿ ಆಟ ಕೂಗಿ ನಡೆಸ್ತಿದ್ದೋನು. ವಾರ್ನರ್ ಹುಡುಗ್ರನ್ನ ಬೈಯೋ ರೀತಿ, ಫುಟ್‌ಬಾಲ್ ಫಂಡಿನ ದುಡ್ಡು ಹೋಗೋ ದಾರಿ, ಸ್ಕೂಲಿನ ಸ್ಥಿತಿ ಇದನ್ನೆಲ್ಲ ತನಿಖೆ ಮಾಡೋಕೆ 1914ರಲ್ಲಿ ಅಮೆರಿಕದ ಕಾಂಗ್ರೆಸ್ ಕಮಿಟಿ ಕಾರ್ಲೈಲಿಗೇ ಬಂತು, ಅದಕ್ಕೆ ವಿದ್ಯಾರ್ಥಿಗಳಿಂದ ಸಹಿ ಹಾಕ್ಸಿ ಅರ್ಜಿ ಕಳಿಸೋಕೆ ಮುಂದೆ ನಿಂತೋನು ಇದೇ ವೆಲ್ಚ್. ವಾರ್ನರ್ ಆಮೇಲೆ ಪಿಟ್ಸ್‌ಬರ್ಗಿಗೆ ಹೋದ, 1918ರಲ್ಲಿ ಸ್ಕೂಲೇ ಮುಚ್ತು. ಆ ಕೋಚ್ ಕಲಿಸಿದ ಆಟ ಆಡಿ ಗೆದ್ದ ಹುಡುಗನೇ ಆ ಕೋಚ್ ಮೇಲೆ ಸಾಕ್ಷಿ ಹೇಳ್ತಾನೆ, ನೀನು ಇವನನ್ನ ಹೆಂಗೆ ಬಿಟ್ಟೆ ಮಾರಾಯಾ?

ಹೊಸ ಡ್ರಾಫ್ಟಲ್ಲಿ ಮೊದಲ ಪ್ಯಾರಾ ವೆಲ್ಚ್‌ಗೆ ಕೊಟ್ಟು ನೋಡು, ಥಾರ್ಪ್ ಆರ್ಮಿ ಮ್ಯಾಚಿಗೆ ಬರ್ಲಿ. ಉದ್ದ ಆಯ್ತು ಅಂತ ಹೆದರ್ಬೇಡ, ಕತ್ತರಿಸೋದು ಆಮೇಲೆ ಇಬ್ರೂ ಕೂತು ಮಾಡೋಣ. ಮುಗಿದ ತಕ್ಷಣ ಕಳ್ಸು, ಕಾಯ್ತಿರ್ತೀನಿ.

ಇಂತಿ ನಿನ್ನ ಅಣ್ಣ