ಸಂದರ್ಶನದಲ್ಲಿ ಮದುವೆ ಮಾತೇಕೆ?

ಹುಬ್ಬಳ್ಳಿ–ಧಾರವಾಡದ ಕೆಲವು ಖಾಸಗಿ ಕಾಲೇಜುಗಳ ನೇಮಕಾತಿಯಲ್ಲಿ ಹೆಣ್ಣುಮಕ್ಕಳಿಗೂ ಅಲ್ಪಸಂಖ್ಯಾತರಿಗೂ ಬೇರೆಯದೇ ಅಳತೆಗೋಲು ಇದ್ದಂತಿದೆ. ನನ್ನ ಮಗಳು ಎಂ.ಎಸ್ಸಿ. ಮಾಡಿ ಅಧ್ಯಾಪಕ ಹುದ್ದೆಯ ಅರ್ಹತಾ ಪರೀಕ್ಷೆ ನೆಟ್ ಪಾಸಾದವಳು. ಈಚೆಗೆ ಒಂದು ಸಂದರ್ಶನದಲ್ಲಿ ಅವಳಿಗೆ ರಸಾಯನಶಾಸ್ತ್ರದ ಬಗ್ಗೆ ಕೇಳಿದ್ದು ಒಂದೇ ಪ್ರಶ್ನೆ. ಉಳಿದದ್ದೆಲ್ಲ ಮದುವೆ ಯಾವಾಗ, ಮಕ್ಕಳಾದರೆ ಯಾರು ನೋಡಿಕೊಳ್ತಾರೆ ಅಂತ. ಜೊತೆಗೆ ಹೋಗಿದ್ದ ಮುಸ್ಲಿಂ ಗೆಳತಿಗೆ, 'ಶುಕ್ರವಾರ ಬೇಗ ಬಿಡಬೇಕಾ?' ಎಂದರಂತೆ. ಹುಡುಗರಿಗೆ ಮದುವೆ, ಮಕ್ಕಳ ಪ್ರಶ್ನೆ ಕೇಳುವುದಿಲ್ಲ, ಅಲ್ವಾ?

ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯ ನಂತರ ಸಂಬಳಸಹಿತ ಹೆರಿಗೆ ರಜೆ 26 ವಾರ. ಆ ಸಂಬಳ ಉಳಿಸಲು ಬಾಗಿಲಲ್ಲೇ ತಡೆಯುತ್ತಾರೆ ಎಂಬುದು ನನ್ನ ಅನುಮಾನ. ದೇಶದ ಉನ್ನತ ಶಿಕ್ಷಣದಲ್ಲಿ ಶಿಕ್ಷಕಿಯರು ಸುಮಾರು ಶೇ 43ರಷ್ಟಿದ್ದಾರೆ ಎನ್ನುತ್ತದೆ 2021–22ರ ಅಖಿಲ ಭಾರತ ಸಮೀಕ್ಷೆ. ನಮ್ಮೂರಿನ ಒಂದೊಂದು ಕಾಲೇಜಿನಲ್ಲಿ ಎಷ್ಟು? ಹುಡುಕಿದರೂ ಸುಲಭವಾಗಿ ಸಿಗದು.

ಹಾಗಂತ ಹೊಸ ಸಮಿತಿಯೇನೂ ಬೇಡ. ಶಿಕ್ಷಕರ ಲಿಂಗ, ಸಮುದಾಯದ ವಿವರವನ್ನು ಕಾಲೇಜುಗಳು ಇದೇ ಸಮೀಕ್ಷೆಗೆ ಹೇಗೂ ತುಂಬಿ ಕಳಿಸುತ್ತವೆ. ಹೆಸರು ಬಿಟ್ಟು, ಬರೀ ಆ ಅಂಕಿಗಳನ್ನು ಪ್ರತಿ ವರ್ಷ ಜಾಲತಾಣದಲ್ಲೂ ಸೂಚನಾ ಫಲಕದಲ್ಲೂ ಹಾಕುವಂತೆ ಕಾಲೇಜು ಶಿಕ್ಷಣ ಇಲಾಖೆ ಆದೇಶಿಸಲಿ.

– ಓದುಗ, ಸಪ್ತಾಪುರ, ಧಾರವಾಡ